ಹತ್ತು ಸಾವಿರದಲ್ಲಿ ಒಂದು

ಇಪ್ಪತ್ತು ವರ್ಷ ಬಾಳಬೇಕಾದ ವಸ್ತುವನ್ನು ಪರೀಕ್ಷಿಸಿ ನೋಡಲು ಎಷ್ಟು ವರ್ಷ ಬೇಕು? ಇಪ್ಪತ್ತು ಎನ್ನುವುದೇ ಪ್ರಾಮಾಣಿಕ ಉತ್ತರ. ಅಷ್ಟು ಕಾಯುವ ತಾಳ್ಮೆ ಕಾರು ತಯಾರಿಸುವವರಿಗೂ ಇರುವುದಿಲ್ಲ, ಕಂತು ಕಟ್ಟಿ ಕೊಳ್ಳುವವರಿಗೂ ಇರುವುದಿಲ್ಲ. ಹಾಗಾಗಿ ಎಲೆಕ್ಟ್ರಿಕ್ ಕಾರಿನ ಷೋರೂಮಿನಲ್ಲಿ ‘ಬ್ಯಾಟರಿ ಎಷ್ಟು ವರ್ಷ ಬರುತ್ತೆ?’ ಎಂದು ಕೇಳಿದರೆ ಸೇಲ್ಸಿನ ಹುಡುಗ ವಾರಂಟಿಯ ಪುಟ ತೆರೆದು ತೋರಿಸುತ್ತಾನೆ: ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಅದು ಕಂಪನಿ ಕೊಡುವ ಮಾತು. ಬ್ಯಾಟರಿಯ ನಿಜವಾದ ಆಯಸ್ಸನ್ನು ಮುಂಚಿತವಾಗಿ ತಿಳಿಯುವ ದಾರಿ ಸಿಕ್ಕಿದ್ದು ಕೆನಡಾದ ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ಊರಿನಲ್ಲಿ, ಡಲ್ಹೌಸಿ ವಿಶ್ವವಿದ್ಯಾಲಯದ ಒಂದು ಲ್ಯಾಬಿನಲ್ಲಿ. ಅದಕ್ಕಾಗಿ ಅಲ್ಲಿ ಯಾರೂ ಒಂದು ಕಿಲೋಮೀಟರ್ ಕೂಡ ಕಾರು ಓಡಿಸಲಿಲ್ಲ. ಎಣಿಸುತ್ತ ಕೂತರು, ಅಷ್ಟೆ.

ಈ ಕತೆಯ ನಡುವೆ ಇರುವವರು ಜೆಫ್ ಡಾನ್ ಎಂಬ ಭೌತವಿಜ್ಞಾನಿ. 1957ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆಮಂದಿಯ ಜೊತೆ ಕೆನಡಾದ ನೋವಾ ಸ್ಕೋಷಿಯಾಕ್ಕೆ ಬಂದವರು. 1980ರ ದಶಕದಲ್ಲಿ ಅವರು ದೇಶದ ಇನ್ನೊಂದು ತುದಿಯಲ್ಲಿ, ವ್ಯಾಂಕೂವರ್ ಬಳಿಯ ಮೋಲಿ ಎನರ್ಜಿ ಎಂಬ ಕಂಪನಿಯಲ್ಲಿ ಕೆಲಸಕ್ಕಿದ್ದರು. ಲಿಥಿಯಂ ಲೋಹದ ಹಾಳೆಯನ್ನೇ ಋಣಧ್ರುವವಾಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಸೆಲ್ಲುಗಳನ್ನು ಆ ಕಂಪನಿ ಮಾರುಕಟ್ಟೆಗೆ ತಂದಿತ್ತು. 1989ರಲ್ಲಿ ಜಪಾನಿನಲ್ಲಿ ಈ ಸೆಲ್ಲುಗಳಿದ್ದ ಮೊಬೈಲ್ ಫೋನುಗಳಿಗೆ ಬೆಂಕಿ ಹತ್ತಿಕೊಂಡಿತು. ಮಾರಿದ ಮಾಲನ್ನು ವಾಪಸ್ ಪಡೆಯಬೇಕಾಯಿತು, ಕಂಪನಿ ಮುಳುಗಿತು. ಲಿಥಿಯಂ ಲೋಹದ ಸ್ವಭಾವವೇ ಅದು. ಹೊಸದಾಗಿದ್ದಾಗ ನುಣ್ಣಗಿರುತ್ತದೆ, ಚಾರ್ಜ್ ಮಾಡಿ ಖಾಲಿ ಮಾಡುತ್ತ ಹೋದಂತೆ ಮೇಲ್ಮೈ ಸಡಿಲವಾಗಿ, ಎಳೆ ಎಳೆಯಾಗಿ ಎದ್ದು, ಕೆರಳುವ ಗುಣ ಪಡೆಯುತ್ತದೆ. ಹೊಸ ಸೆಲ್ಲು ಹೇಗಿದೆ ಎಂಬುದಕ್ಕಿಂತ ಹಳೆಯ ಸೆಲ್ಲು ಏನಾಗುತ್ತದೆ ಎಂಬುದೇ ಮುಖ್ಯವೆಂದು ಆ ಉದ್ಯಮ ಬೆಂಕಿಯಿಂದ ಕಲಿಯಿತು.

ಅಷ್ಟರಲ್ಲಿ ಡಾನ್ ಮತ್ತು ಜೊತೆಗಾರರು ಲೋಹವನ್ನು ಬಿಟ್ಟು ಇಂಗಾಲವನ್ನು ಹಿಡಿದಿದ್ದರು. ಗ್ರಾಫೈಟಿನ ಪದರಗಳ ನಡುವೆ ಲಿಥಿಯಂ ಹೋಗಿ ಕೂರಬಲ್ಲದು, ಬೇಕೆಂದಾಗ ಎದ್ದು ಬರಬಲ್ಲದು. ತೊಡಕೆಂದರೆ, ಪ್ರೊಪಿಲೀನ್ ಕಾರ್ಬೊನೇಟ್ ದ್ರಾವಣದಲ್ಲಿ ಗ್ರಾಫೈಟು ಪದರು ಪದರಾಗಿ ಬಿಚ್ಚಿಕೊಂಡು ಹಾಳಾಗುತ್ತಿತ್ತು. 1990ರಲ್ಲಿ ಫಾಂಗ್, ಫಾನ್ ಸಾಕೆನ್ ಮತ್ತು ಡಾನ್ ಪ್ರಕಟಿಸಿದ ಪ್ರಬಂಧ, ಎಥಿಲೀನ್ ಕಾರ್ಬೊನೇಟ್ ಬೆರೆಸಿದರೆ ಗ್ರಾಫೈಟು ಉಳಿದುಕೊಳ್ಳುತ್ತದೆಂದು ತೋರಿಸಿತು. ಉಳಿಸುವುದು ಒಂದು ಪೊರೆ. ಮೊದಲ ಸಲ ಚಾರ್ಜ್ ಮಾಡುವಾಗ ದ್ರಾವಣದ ಒಂದಿಷ್ಟು ಭಾಗ ಗ್ರಾಫೈಟಿನ ಮೈಮೇಲೆ ಒಡೆದು, ನ್ಯಾನೊಮೀಟರುಗಳ ಲೆಕ್ಕದಷ್ಟು ತೆಳ್ಳಗೆ ಗಟ್ಟಿಯಾಗುತ್ತದೆ. ಈ ಪೊರೆ ಲಿಥಿಯಂ ಅಯಾನನ್ನು ಒಳಗೆ ಬಿಡುತ್ತದೆ, ದ್ರಾವಣವನ್ನು ಹೊರಗೇ ನಿಲ್ಲಿಸುತ್ತದೆ. ಲಿಥಿಯಂ ಲೋಹದ ಮೇಲೆ ಇಂಥದೊಂದು ಪೊರೆ ಕೂರುತ್ತದೆಂದು ಟೆಲ್ ಅವೀವಿನ ಇಮ್ಯಾನುಯೆಲ್ ಪೆಲೆಡ್ 1979ರಲ್ಲೇ ವಿವರಿಸಿದ್ದರು.

ಸೆಲ್ಲನ್ನು ಬದುಕಿಸುವ ಪೊರೆಯೇ ಅದನ್ನು ಮೆಲ್ಲಗೆ ಕೊಲ್ಲುತ್ತದೆ. ಪೊರೆಯ ತಡೆ ಪೂರ್ತಿಯಲ್ಲ. ದ್ರಾವಣ ಹೇಗೋ ಒಂದಿಷ್ಟು ಒಳಗೆ ನುಸುಳುತ್ತದೆ, ಒಡೆಯುತ್ತದೆ, ಪೊರೆ ಇನ್ನಷ್ಟು ದಪ್ಪವಾಗುತ್ತದೆ. ದಪ್ಪವಾಗುವಾಗೆಲ್ಲ ಸ್ವಲ್ಪ ಲಿಥಿಯಂ ಅದರೊಳಗೆ ಸಿಕ್ಕಿಬೀಳುತ್ತದೆ. ಸೆಲ್ಲಿನಲ್ಲಿ ಇರುವುದು ಕಾರ್ಖಾನೆಯಲ್ಲಿ ಹಾಕಿ ಮುಚ್ಚಿದ ಲಿಥಿಯಂ ಮಾತ್ರ, ಆಮೇಲೆ ತುಂಬಿಸಲು ಮುಚ್ಚಳವಿಲ್ಲ. ಹೀಗೆ ಸಿಕ್ಕಿಬಿದ್ದದ್ದೆಲ್ಲ ಕಾರಿನ ರೇಂಜಿನಲ್ಲಿ ಕಡಿತ. ಇದಿಷ್ಟೂ ಗೊತ್ತಿದ್ದ ಸಂಗತಿ. ಎಷ್ಟು ವೇಗವಾಗಿ ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಇದ್ದ ದಾರಿಯೆಂದರೆ ಸೆಲ್ಲನ್ನು ಯಂತ್ರಕ್ಕೆ ಜೋಡಿಸಿ, ಸತತವಾಗಿ ಚಾರ್ಜ್ ಮಾಡಿ ಖಾಲಿ ಮಾಡುತ್ತ, ಅದು ಸಾಯುವವರೆಗೆ ಕಾಯುವುದು. ಸೆಲ್ಲು ಒಳ್ಳೆಯದಾದಷ್ಟೂ ಕಾಯುವ ಕಾಲ ಹೆಚ್ಚು. ಒಳ್ಳೆಯ ಸೆಲ್ಲು ಸಾಯುವ ಹೊತ್ತಿಗೆ ಅದನ್ನು ಮಾಡಿದ ವಿದ್ಯಾರ್ಥಿ ಪಿಎಚ್.ಡಿ. ಮುಗಿಸಿ ಊರು ಬಿಟ್ಟಿರುತ್ತಾನೆ.

1996ರಲ್ಲಿ ಡಲ್ಹೌಸಿಗೆ ಬಂದ ಡಾನ್ ಈ ತೊಡಕನ್ನು ಲೆಕ್ಕಪತ್ರದ ಕಡೆಯಿಂದ ನೋಡಿದರು. ಸೆಲ್ಲಿಗೆ ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟಿದ್ದೀರಿ ಎಂದುಕೊಳ್ಳಿ. ವಾಪಸ್ ಬಂದದ್ದು 9,999. ಆ ಒಂದು ರೂಪಾಯಿ ಎಲ್ಲಿ ಹೋಯಿತು? ಪೊರೆ ತಿಂದಿತು, ಅಥವಾ ಅಂಥದೇ ಬೇರೊಂದು ಬೇಡದ ರಾಸಾಯನಿಕ ಕ್ರಿಯೆ ತಿಂದಿತು. ಹಾಕಿದ ವಿದ್ಯುದಂಶಕ್ಕೆ ಬಂದ ವಿದ್ಯುದಂಶದ ಈ ಅನುಪಾತಕ್ಕೆ ಕೂಲಂಬ್ ದಕ್ಷತೆ ಎಂದು ಹೆಸರು. ಪರಿಕಲ್ಪನೆ ಹೊಸದಲ್ಲ, ಪ್ರತಿ ಬ್ಯಾಟರಿ ಲ್ಯಾಬಿನಲ್ಲೂ ಅಳೆಯುತ್ತಿದ್ದರು. ಯಾರೂ ಅದನ್ನು ಸಾಕಷ್ಟು ನಿಖರವಾಗಿ ಅಳೆದಿರಲಿಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ.

ಎಷ್ಟು ನಿಖರತೆ ಬೇಕೆಂಬುದನ್ನು ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ಚಾರ್ಜ್ ಮಾಡಿ ಖಾಲಿ ಮಾಡುವ ಪ್ರತಿ ಸುತ್ತಿಗೆ ಶೇ 99.9ರಷ್ಟು ಮಾತ್ರ ಉಳಿಯುತ್ತದೆ, ಕಳೆದದ್ದು ಮತ್ತೆ ಬರುವುದಿಲ್ಲ ಎಂದಿಟ್ಟುಕೊಂಡರೆ, ಸಾವಿರ ಸುತ್ತು ಮುಗಿದಾಗ ಉಳಿಯುವುದು ಶೇ 37. ಅದೇ ಶೇ 99.99 ಆದರೆ ಸಾವಿರ ಸುತ್ತಿನ ಕೊನೆಗೆ ಶೇ 90 ಉಳಿದಿರುತ್ತದೆ. ಮೊದಲನೆಯದು ಗುಜರಿಗೆ ಹೋಗುವ ಬ್ಯಾಟರಿ, ಎರಡನೆಯದು ಇನ್ನೂ ಹೊಸದರಂತೆ ಓಡುವ ಬ್ಯಾಟರಿ. ಎರಡರ ನಡುವಿನ ಅಂತರ ಪ್ರತಿ ಸುತ್ತಿಗೆ ಹತ್ತು ಸಾವಿರದಲ್ಲಿ ಒಂಬತ್ತು ಪಾಲು. ಸಾಮಾನ್ಯ ಪರೀಕ್ಷಾ ಯಂತ್ರಗಳ ತಪ್ಪಿನ ಅಳತೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಅವಕ್ಕೆ ಸಾಯುವ ಸೆಲ್ಲು ಯಾವುದು, ಬಾಳುವ ಸೆಲ್ಲು ಯಾವುದು ಎಂಬುದೇ ಕಾಣುತ್ತಿರಲಿಲ್ಲ. (ನಿಜವಾದ ಸೆಲ್ಲಿನಲ್ಲಿ ಕಾಣೆಯಾದ ವಿದ್ಯುದಂಶವೆಲ್ಲ ಸಾಮರ್ಥ್ಯದ ನಷ್ಟವಲ್ಲ. ಧನಧ್ರುವದ ಬಳಿ ನಡೆಯುವ ಉತ್ಕರ್ಷಣವೂ ಲೆಕ್ಕವನ್ನು ಕೆಡಿಸುತ್ತದೆ. ಆದರೆ ದಿಕ್ಕು ತಿಳಿಯಲು ಈ ಲೆಕ್ಕ ಸಾಕು.)

ಹಾಗಾಗಿ ಯಂತ್ರವನ್ನೇ ಕಟ್ಟಿದರು. ಆರನ್ ಸ್ಮಿತ್, ಕ್ರಿಸ್ ಬರ್ನ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಈ ಕೆಲಸಕ್ಕೆ ನಿಂತರು. ವಿದ್ಯುದಂಶವೆಂದರೆ ಕರೆಂಟು ಗುಣಿಸು ಕಾಲ. ಕರೆಂಟು ಒಂದಿಷ್ಟೂ ಅಲುಗಬಾರದು. ಸುತ್ತು ಮುಗಿದ ಕ್ಷಣವನ್ನು ತಪ್ಪದೆ ಹಿಡಿಯಬೇಕು. ಆ ಕ್ಷಣವನ್ನು ಹೇಳುವ ವೋಲ್ಟೇಜು ಉಷ್ಣತೆಯ ಜೊತೆ ಅತ್ತಿತ್ತ ಸರಿಯುವುದರಿಂದ ಸೆಲ್ಲು ಕೂತ ಪೆಟ್ಟಿಗೆಯ ತಾಪ ಅಲ್ಲಾಡಬಾರದು. ಒಂದೊಂದೂ ಸಣ್ಣ ಕೆಲಸ, ಯಾವುದೂ ಸುಲಭವಲ್ಲ. 2010ರಲ್ಲಿ ಪ್ರಬಂಧ ಹೊರಬಂದಾಗ ಅವರ ಅಳತೆ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸಿಗೆ ಬಂದಿತ್ತು. ವಿಜ್ಞಾನದ ಇತಿಹಾಸದಲ್ಲಿ ಹೊಸ ವಿಚಾರ ಹೇಳಿದವರಿಗೆ ಸಿಗುವ ಮರ್ಯಾದೆ ಹಳೆಯ ವಿಚಾರವನ್ನು ಚೆನ್ನಾಗಿ ಅಳೆದವರಿಗೆ ಸಿಗುವುದು ಅಪರೂಪ. ನನಗಂತೂ ಈ ಇಡೀ ಕತೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ಯಂತ್ರ ಕೈಗೆ ಬಂದೊಡನೆ ಅವರಿಗೆ ಸಿಕ್ಕಿದ್ದು ನಿರೀಕ್ಷೆಗೆ ತಿರುಗುಮುರುಗಾದ ಫಲಿತಾಂಶ. ಒಂದೇ ಬಗೆಯ ಸೆಲ್ಲುಗಳನ್ನು ಕೆಲವನ್ನು ಬೇಗ ಬೇಗ, ಕೆಲವನ್ನು ನಿಧಾನವಾಗಿ ಚಾರ್ಜ್ ಮಾಡಿ ಖಾಲಿ ಮಾಡಿದರು. ಬೇಗ ಓಡಿಸಿದ್ದು ಬೇಗ ಸವೆಯಬೇಕು ಎಂಬುದು ಗಾಡಿ ಇಟ್ಟವರೆಲ್ಲರ ನಂಬಿಕೆ. ಇಲ್ಲಿ ನಿಧಾನವಾಗಿ ತಿರುಗಿದ ಸೆಲ್ಲುಗಳೇ ಪ್ರತಿ ಸುತ್ತಿಗೆ ಹೆಚ್ಚು ಕಳೆದುಕೊಂಡವು. ನಷ್ಟವನ್ನು ಸುತ್ತಿನ ಬದಲು ಗಂಟೆಗಳಿಂದ ಭಾಗಿಸಿ ನೋಡಿದಾಗ ಎಲ್ಲ ಸೆಲ್ಲುಗಳ ಅಂಕಿಗಳೂ ಬಂದು ಒಂದೇ ಕಡೆ ನಿಂತವು. ಸೆಲ್ಲು ಎಷ್ಟು ಸುತ್ತು ತಿರುಗಿತೆಂದು ಪೊರೆ ಎಣಿಸುತ್ತಿರಲಿಲ್ಲ. ಎಷ್ಟು ಹೊತ್ತು ಕಳೆಯಿತು, ಎಷ್ಟು ಬಿಸಿಯಿತ್ತು ಎಂಬುದನ್ನಷ್ಟೇ ಲೆಕ್ಕಕ್ಕಿಟ್ಟುಕೊಂಡಿತ್ತು. ಜೊತೆಗೆ, ಪೊರೆ ದಪ್ಪವಾದಷ್ಟೂ ಅದರ ಬೆಳವಣಿಗೆ ನಿಧಾನವಾಗುತ್ತ, ಕಾಲದ ವರ್ಗಮೂಲಕ್ಕೆ ಹತ್ತಿರವಾಗಿ ಸಾಗುತ್ತದೆಂದೂ 2011ರ ಅಳತೆಗಳು ತೋರಿಸಿದವು. ಹೊಸ ಎಲೆಕ್ಟ್ರಿಕ್ ಕಾರು ಮೊದಲ ಒಂದೆರಡು ವರ್ಷದಲ್ಲಿ ಶೇ 4-5ರಷ್ಟು ರೇಂಜ್ ಕಳೆದುಕೊಂಡಾಗ ಮಾಲೀಕರು ಗಾಬರಿ ಬೀಳುವುದುಂಟು. ಅದೇ ವೇಗದಲ್ಲಿ ಇಳಿಯುತ್ತ ಹೋದರೆ ಗತಿಯೇನು ಎಂದು. ಅದೇ ವೇಗದಲ್ಲಿ ಇಳಿಯುವುದಿಲ್ಲ.

ಇನ್ನು ಕಾಯಬೇಕಿರಲಿಲ್ಲ. ಚೀನಾದ ಹುನಾನ್ ಪ್ರಾಂತ್ಯದ ಕಾರ್ಖಾನೆಯೊಂದರಿಂದ ಎರಡು ಸೆಂಟಿಮೀಟರ್ ಅಗಲದ ಪುಟ್ಟ ಚೀಲದಂಥ ಸೆಲ್ಲುಗಳು ದ್ರಾವಣ ತುಂಬಿಸದೆ ಒಣಗಾಗಿಯೇ ಹ್ಯಾಲಿಫ್ಯಾಕ್ಸಿಗೆ ಬರುತ್ತಿದ್ದವು. ಅಲ್ಲಿ ವಿದ್ಯಾರ್ಥಿಗಳು ಅವುಗಳ ಒಂದು ಬದಿ ಕತ್ತರಿಸಿ, ತಮಗೆ ಬೇಕಾದ ದ್ರಾವಣವನ್ನು ಬೇಕಾದ ಬೆರಕೆಯ ಜೊತೆ ಹನಿಸಿ, ಮತ್ತೆ ಮುಚ್ಚಿ ಯಂತ್ರಕ್ಕೆ ಏರಿಸುತ್ತಿದ್ದರು. ಶೇ 1 ಅಥವಾ 2ರಷ್ಟು ವಿನೈಲೀನ್ ಕಾರ್ಬೊನೇಟ್ ಸೇರಿಸಿದರೆ ಪೊರೆ ಗಟ್ಟಿಯಾಗುತ್ತದೆ. ಅದರ ಜೊತೆ ಇನ್ನೊಂದನ್ನು ಹಾಕಿದರೆ ಏನು, ಮೂರನೆಯದನ್ನು ಹಾಕಿದರೆ ಏನು? ಹಿಂದೆ ವರ್ಷಗಟ್ಟಲೆ ಬೇಕಿದ್ದ ತೀರ್ಪು ಈಗ ಕೆಲವೇ ವಾರಗಳಲ್ಲಿ ಬರುತ್ತಿತ್ತು. 2013ರಲ್ಲಿ ಡಾನ್ ಒಂದು ಉಪನ್ಯಾಸ ಕೊಟ್ಟರು: ಲಿಥಿಯಂ ಬ್ಯಾಟರಿಗಳು ಯಾಕೆ ಸಾಯುತ್ತವೆ, ಅವನ್ನು ಅಮರವಾಗಿಸಬಹುದೆ ಎಂಬುದು ಅದರ ವಿಷಯ. ಭೌತವಿಜ್ಞಾನಿಗಳು ‘ಅಮರ’ ಎಂಬ ಮಾತನ್ನು ಅಷ್ಟು ಸಲೀಸಾಗಿ ಬಳಸುವವರಲ್ಲ.

ಇತ್ತ ರಸ್ತೆಯ ಮೇಲೆ ಅದೇ ಪಾಠ ಬೇರೆ ರೀತಿಯಲ್ಲಿ, ದುಬಾರಿಯಾಗಿ, ನಡೆಯುತ್ತಿತ್ತು. ನಿಸಾನ್ ಕಂಪನಿಯ ಲೀಫ್ ಕಾರು 2010ರ ಕೊನೆಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದರ ಬ್ಯಾಟರಿಗೆ ದ್ರವ ಹರಿಸಿ ತಂಪು ಮಾಡುವ ಏರ್ಪಾಡು ಇರಲಿಲ್ಲ. ಡ್ಯಾಷ್‌ಬೋರ್ಡಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಹನ್ನೆರಡು ಪಟ್ಟಿಗಳು. 2012ರ ಬೇಸಿಗೆಯಲ್ಲಿ ಅರಿಜೋನಾ ಮರುಭೂಮಿಯ ಫೀನಿಕ್ಸ್ ನಗರದ ಮಾಲೀಕರು ನೋಡುತ್ತಾರೆ, ಕಾರಿಗೆ ಇನ್ನೂ ಎರಡು ವರ್ಷ ತುಂಬಿಲ್ಲ, ಪಟ್ಟಿಗಳು ಒಂದೊಂದಾಗಿ ಮಾಯವಾಗುತ್ತಿವೆ. ತಂಪು ಊರುಗಳಲ್ಲಿ ಅಷ್ಟೇ ಓಡಿದ ಅದೇ ಕಾರುಗಳಿಗೆ ಏನೂ ಆಗಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಮಾಲೀಕರೇ ಹನ್ನೆರಡು ಕಾರುಗಳನ್ನು ಒಟ್ಟುಗೂಡಿಸಿ, ಪೂರ್ತಿ ಚಾರ್ಜ್ ಮಾಡಿ, ನಿಲ್ಲುವವರೆಗೆ ಓಡಿಸಿ ಅಳೆದರು. ಗ್ರಾಹಕರು ಸೇರಿ ಮಾಡಿದ ಪ್ರಯೋಗ. ಕೊನೆಗೆ ಕಂಪನಿ ಐದು ವರ್ಷ ಅಥವಾ 60,000 ಮೈಲಿಯ ಒಳಗೆ ಒಂಬತ್ತು ಪಟ್ಟಿಗಿಂತ ಕೆಳಗಿಳಿದರೆ ಸರಿಪಡಿಸಿಕೊಡುವುದಾಗಿ ಹೊಸ ವಾರಂಟಿ ಘೋಷಿಸಿತು. 2015ರ ಮಾದರಿಗೆ ಬಿಸಿ ತಾಳುವ ಬೇರೆ ರಸಾಯನದ ಬ್ಯಾಟರಿ ಬಂತು. ಅದಕ್ಕೆ ‘ಹಲ್ಲಿ ಬ್ಯಾಟರಿ’ ಎಂದೇ ಹೆಸರು ಬಿತ್ತು.

ನಮ್ಮಲ್ಲಿ ಬ್ಯಾಟರಿಯ ಬಗೆಗಿನ ಸಂಶಯ ಇದಕ್ಕಿಂತ ಹಳೆಯದು. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಕಾರಿನಲ್ಲಿ ಇದ್ದದ್ದು ಸೀಸ-ಆಮ್ಲದ ಎಂಟು ಬ್ಯಾಟರಿ. ಅಂಥವು ಕೆಲವೇ ವರ್ಷದಲ್ಲಿ ಸೋಲುತ್ತವೆ, ಇಡೀ ಸೆಟ್ಟು ಬದಲಾಯಿಸಬೇಕಾಗುತ್ತದೆ. ಇನ್ವರ್ಟರ್ ಇಟ್ಟ ಯಾವ ಮನೆಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಅನುಭವವನ್ನು ಜನ ಲಿಥಿಯಂ ಕಾರಿಗೂ ಹಚ್ಚಿ ನೋಡುತ್ತಾರೆ. ಹಾಗೆ ನೋಡುವುದು ಸಹಜ, ಆದರೆ ಎರಡರ ಸಾವಿನ ಕಾರಣಗಳು ಬೇರೆ ಬೇರೆ. ಫೀನಿಕ್ಸಿನ ಪಾಠ ನಮಗೆ ಹೆಚ್ಚು ಹತ್ತಿರದ್ದು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಪೂರ್ತಿ ಚಾರ್ಜ್ ಮಾಡಿ ಬಿಸಿಲಿಗೆ ನಿಲ್ಲಿಸಿದ ಕಾರು ಒಂದು ಕಿಲೋಮೀಟರ್ ಓಡದೆಯೂ ಹಳತಾಗುತ್ತಿರುತ್ತದೆ. ಬಿಸಿ ಪೊರೆಯನ್ನು ಬೆಳೆಸುತ್ತದೆ. ತುಂಬಿದ ಚಾರ್ಜಿನ ಹೆಚ್ಚು ವೋಲ್ಟೇಜು ಧನಧ್ರುವದ ಕಡೆ ದ್ರಾವಣವನ್ನು ಸುಡುತ್ತದೆ. ಎರಡೂ ಒಟ್ಟಿಗೆ ಸೇರಿದರೆ ಕೆಟ್ಟದ್ದು.

2016ರ ಜೂನಿನಲ್ಲಿ ಡಾನ್ ಲ್ಯಾಬು ಟೆಸ್ಲಾ ಕಂಪನಿಯ ಜೊತೆಗಿನ ಒಪ್ಪಂದದಡಿ ಕೆಲಸ ಶುರು ಮಾಡಿತು. 2019ರ ಸೆಪ್ಟೆಂಬರಿನಲ್ಲಿ ಅವರು ಪ್ರಕಟಿಸಿದ ಪ್ರಬಂಧ ಪತ್ರಿಕೆಗಳಲ್ಲಿ ‘ಹತ್ತು ಲಕ್ಷ ಮೈಲಿಯ ಬ್ಯಾಟರಿ’ ಎಂದು ಸುದ್ದಿಯಾಯಿತು. ಕೆಲವು ಸೆಲ್ಲುಗಳು ಆ ಹೊತ್ತಿಗೆ ಮೂರು ವರ್ಷ ಸತತವಾಗಿ ಯಂತ್ರದಲ್ಲಿದ್ದವು, ಬೇರೆ ಬೇರೆ ತಾಪದಲ್ಲಿ, ಬೇರೆ ಬೇರೆ ವೇಗದಲ್ಲಿ. ಇಂಥ ಸೆಲ್ಲು ಕಾರನ್ನು 16 ಲಕ್ಷ ಕಿಲೋಮೀಟರಿಗೂ ಹೆಚ್ಚು ಓಡಿಸಬಲ್ಲದು ಎಂಬುದು ಅವರ ಅಂದಾಜು. ಸುದ್ದಿಯ ಗದ್ದಲದಲ್ಲಿ ಮರೆಯಾದದ್ದು ಪ್ರಬಂಧದ ಉದ್ದೇಶ: ಪಾಕವಿಧಾನವನ್ನು ಬಚ್ಚಿಡದೆ ಬರೆದು, ಜಗತ್ತಿನ ಬೇರೆ ಲ್ಯಾಬುಗಳು ತಮ್ಮ ಹೊಸ ಬ್ಯಾಟರಿಯನ್ನು ಹೋಲಿಸಿ ನೋಡಿಕೊಳ್ಳಲು ಒಂದು ಮಾನದಂಡ ಕೊಡುವುದು. ‘ಅದ್ಭುತ ಬ್ಯಾಟರಿ’ಯ ಸುದ್ದಿ ತಿಂಗಳಿಗೊಂದು ಬರುವ ಕಾಲದಲ್ಲಿ ಇದು ಬೇಕಾಗಿತ್ತು.

ಆ ಸೆಲ್ಲಿನ ಗುಟ್ಟುಗಳಲ್ಲಿ ಒಂದು ಧನಧ್ರುವದ ಕಣಗಳಲ್ಲಿದೆ. ಸಾಮಾನ್ಯವಾಗಿ ನಿಕಲ್-ಮ್ಯಾಂಗನೀಸ್-ಕೋಬಾಲ್ಟಿನ ಒಂದೊಂದು ಕಣವೂ ನೂರಾರು ಸಣ್ಣ ಹರಳುಗಳು ಅಂಟಿಕೊಂಡ ಉಂಡೆ. ಲಿಥಿಯಂ ಬಂದು ಹೋಗುವಾಗ ಹರಳುಗಳು ಹಿಗ್ಗಿ ಕುಗ್ಗಿ, ಉಂಡೆ ಬಿರುಕು ಬಿಡುತ್ತದೆ. ಡಲ್ಹೌಸಿಯವರು ಬಳಸಿದ್ದು ಒಂದೇ ಹರಳಿನ ಕಣಗಳನ್ನು. ಅದರ ಫಲ ಕಣ್ಣಿಗೆ ಕಂಡದ್ದು ಸ್ವಲ್ಪ ತಡವಾಗಿ, ಸಾಸ್ಕಟೂನಿನಲ್ಲಿರುವ ಕೆನಡಾದ ಸಿಂಕ್ರೊಟ್ರಾನ್ ಕೇಂದ್ರದಲ್ಲಿ. ಆರು ವರ್ಷಕ್ಕೂ ಹೆಚ್ಚು ಕಾಲ ಬಿಡುವಿಲ್ಲದೆ ಚಾರ್ಜ್ ಆಗಿ ಖಾಲಿಯಾದ ಸೆಲ್ಲೊಂದನ್ನು ಅಲ್ಲಿಯ ಟೋಬಿ ಬಾಂಡ್ ಎಕ್ಸ್-ಕಿರಣದಲ್ಲಿ, ಬಿಚ್ಚದೆಯೇ, ನೋಡಿದರು. ಸಾಮಾನ್ಯ ಸೆಲ್ಲು 2,400 ಸುತ್ತಿಗೆ ಶೇ 80ಕ್ಕೆ ಇಳಿದಿತ್ತು, ಒಳಗೆಲ್ಲ ಬಿರುಕು. ಒಂಟಿ ಹರಳಿನದು ಶೇ 80ಕ್ಕೆ ಇಳಿಯುವ ಮುನ್ನ 20,000 ಸುತ್ತು ದಾಟಿತ್ತು, ಬಿರುಕು ಕಾಣಲಿಲ್ಲವೆನ್ನುವಷ್ಟು ಕಡಿಮೆ. ಕಾರಿನ ಲೆಕ್ಕದಲ್ಲಿ ಅದು ಸುಮಾರು 80 ಲಕ್ಷ ಕಿಲೋಮೀಟರ್. ಅಷ್ಟು ಓಡಿಸಲು ಬೇಕಾದ ಚಾಲಕ ಇನ್ನೂ ಹುಟ್ಟಿಲ್ಲ.

ಇಷ್ಟೆಲ್ಲ ಅಳೆದ ಮೇಲೂ ಲ್ಯಾಬಿನವರ ಕಣ್ಣು ತಪ್ಪಿಸಿಕೊಂಡು ಒಂದು ಕಳ್ಳ ಒಳಗೇ ಇದ್ದ. ಬಳಸದೆ ಇಟ್ಟ ಸೆಲ್ಲುಗಳು ತಾವಾಗಿಯೇ ಚಾರ್ಜ್ ಕಳೆದುಕೊಳ್ಳುತ್ತಿದ್ದವು. ಎಲ್ಲ ಬ್ಯಾಟರಿಗೂ ಇರುವ ಚಾಳಿ ಅದು, ಆದರೆ ಇಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ. ಡಾನ್ ಜೊತೆ ಕೆಲಸ ಮಾಡುತ್ತಿದ್ದ ಮೈಕಲ್ ಮೆಟ್ಜ್‌ಗರ್ ಅವರ ತಂಡ ಸೆಲ್ಲುಗಳನ್ನು ಬೇರೆ ಬೇರೆ ತಾಪದಲ್ಲಿಟ್ಟು ಆಮೇಲೆ ಬಿಚ್ಚಿ ನೋಡಿತು. 25 ಡಿಗ್ರಿಯಲ್ಲಿದ್ದ ಸೆಲ್ಲಿನ ದ್ರಾವಣ ತಿಳಿಯಾಗಿತ್ತು. 55 ಡಿಗ್ರಿಯದು ತಿಳಿಗಂದು. 70 ಡಿಗ್ರಿಯದು ಕಡುಗೆಂಪು. ಬ್ಯಾಟರಿಯ ದ್ರಾವಣ ಕೆಂಪಾಗುವುದಕ್ಕೆ ಯಾವ ಕಾರಣವೂ ಇರಲಿಲ್ಲ.

ದ್ರಾವಣವನ್ನು ವಿಶ್ಲೇಷಿಸಿದಾಗ ಅದರಲ್ಲಿ ಡೈಮೀಥೈಲ್ ಟೆರೆಥ್ಯಾಲೇಟ್ ಎಂಬ ಅಣು ಸಿಕ್ಕಿತು. ಅದು ಯಾರೂ ಹಾಕಿದ್ದಲ್ಲ. ಋಣಧ್ರುವದ ಬಳಿ ಒಂದು ಎಲೆಕ್ಟ್ರಾನು ಹೊತ್ತು, ದ್ರಾವಣದಲ್ಲಿ ಈಜಿ, ಧನಧ್ರುವಕ್ಕೆ ಒಪ್ಪಿಸಿ, ಮತ್ತೆ ವಾಪಸ್ ಬರುವ ಕೆಲಸ ಅದರದ್ದು. ಮಾಲೀಕ ಮಲಗಿದ್ದಾಗಲೂ ಸೆಲ್ಲು ಹೀಗೆ ಒಳಗೊಳಗೇ ಖಾಲಿಯಾಗುತ್ತದೆ. ಈ ಅಣು ಬಂದದ್ದು ಎಲ್ಲಿಂದ? ರಾಸಾಯನಿಕವಾಗಿ ಅದು ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್ಕಾದ ಪಿಇಟಿಯ ನೆಂಟ, ಪಿಇಟಿ ಒಡೆದರೆ ಹುಟ್ಟುವಂಥದು. ಸೆಲ್ಲಿನೊಳಗೆ ಪ್ಲಾಸ್ಟಿಕ್ ಬಾಟಲಿ ಇಲ್ಲ. ಆದರೆ ಧ್ರುವಗಳ ಸುರುಳಿ ಬಿಚ್ಚಿಕೊಳ್ಳದಂತೆ ಸುತ್ತಿದ ಒಂದು ಚೂರು ಟೇಪು ಇದೆ! ಅದು ಪಿಇಟಿಯದು. ಧ್ರುವ, ದ್ರಾವಣ, ಬೆರಕೆ ಎಂದು ವರ್ಷಗಟ್ಟಲೆ ತಲೆಕೆಡಿಸಿಕೊಂಡವರಲ್ಲಿ ಅಂಟುಪಟ್ಟಿಯನ್ನು ಸಂಶಯಿಸಿದವರು ಯಾರೂ ಇರಲಿಲ್ಲ. ಅದನ್ನು ಪದಾರ್ಥಗಳ ಪಟ್ಟಿಯಲ್ಲಿ ಸೇರಿಸುವ ಯೋಚನೆಯೇ ಯಾರಿಗೂ ಬಂದಿರಲಿಕ್ಕಿಲ್ಲ. ಪಾಲಿಪ್ರೊಪಿಲೀನ್ ಟೇಪು ಸುತ್ತಿದಾಗ ಸೋರಿಕೆ ತಗ್ಗಿತು. 2023ರಲ್ಲಿ ಇದು ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರಿಹಾರಕ್ಕೆ ತಗಲುವ ಖರ್ಚು ಒಂದು ಚೂರು ಟೇಪಿನ ಬೆಲೆಯ ವ್ಯತ್ಯಾಸ.

ಲ್ಯಾಬಿನ ಪರೀಕ್ಷೆಗೆ ಒಂದು ಮೂಲಭೂತ ಆಕ್ಷೇಪ ಉಳಿದೇ ಇತ್ತು. ಯಂತ್ರ ಸೆಲ್ಲನ್ನು ಒಂದೇ ಸಮನಾದ ಕರೆಂಟಿನಲ್ಲಿ ಖಾಲಿ ಮಾಡುತ್ತದೆ. ರಸ್ತೆಯಲ್ಲಿ ಯಾರೂ ಹಾಗೆ ಓಡಿಸುವುದಿಲ್ಲ. ಸಿಗ್ನಲ್ಲಿನಲ್ಲಿ ನಿಲ್ಲುತ್ತಾರೆ, ಹಸಿರು ಬಂದೊಡನೆ ಒತ್ತುತ್ತಾರೆ, ಬ್ರೇಕ್ ಹಾಕಿದಾಗ ಒಂದಿಷ್ಟು ಶಕ್ತಿ ಬ್ಯಾಟರಿಗೆ ಮರಳುತ್ತದೆ. ಈ ಎಳೆದಾಟ ಬ್ಯಾಟರಿಗೆ ಕೆಡುಕು ಎಂದೇ ಹಲವರು ತಿಳಿದಿದ್ದರು. ಸ್ಟ್ಯಾನ್‌ಫರ್ಡಿನ ಸಿಮೋನಾ ಒನೋರಿ, ವಿಲಿಯಂ ಚೂಯೆ ಮತ್ತು ಅವರ ತಂಡ 92 ಸೆಲ್ಲುಗಳನ್ನು ಎರಡು ವರ್ಷಕ್ಕೂ ಮೀರಿ ಪರೀಕ್ಷಿಸಿ, 2024ರ ಡಿಸೆಂಬರಿನಲ್ಲಿ ತದ್ವಿರುದ್ಧವಾದುದನ್ನು ಹೇಳಿತು: ನಿಜವಾದ ಓಡಾಟವನ್ನು ಹೋಲುವ ಏರಿಳಿತದಲ್ಲಿ ಖಾಲಿಯಾದ ಸೆಲ್ಲುಗಳು ಸಮಕರೆಂಟಿನವಕ್ಕಿಂತ ಶೇ 38ರವರೆಗೂ ಹೆಚ್ಚು ಬಾಳಿದವು. ಅವರ ಪ್ರಕಾರ ಮನೆಯ ಕಾರಿಗೆ ಕಿಲೋಮೀಟರಿಗಿಂತ ವಯಸ್ಸೇ ದೊಡ್ಡ ಶತ್ರು; ಹಗಲೂ ರಾತ್ರಿ ಓಡುವ ಟ್ಯಾಕ್ಸಿ, ಬಸ್ಸು, ಲಾರಿಗಳಿಗೆ ಸುತ್ತುಗಳ ಲೆಕ್ಕ ಮುಖ್ಯವಾಗುತ್ತದೆ.

ಹಾಗಾದರೆ ನಿಜಕ್ಕೂ ದೂರ ಓಡಿದ ಕಾರುಗಳು ಏನು ಹೇಳುತ್ತವೆ? ದಕ್ಷಿಣ ಕ್ಯಾಲಿಫೋರ್ನಿಯಾದ ಟೆಸ್‌ಲೂಪ್ ಎಂಬ ಕಂಪನಿ ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಾಸ್‌ನಂಥ ಊರುಗಳಿಗೆ ಟೆಸ್ಲಾ ಕಾರುಗಳಲ್ಲಿ ಜನರನ್ನು ಸಾಗಿಸುತ್ತಿತ್ತು, ದಿನಕ್ಕೆ ಹಲವು ಸಲ ಫಾಸ್ಟ್ ಚಾರ್ಜಿಂಗ್, ಹೆಚ್ಚುಕಡಿಮೆ ಪೂರ್ತಿಯಾಗುವವರೆಗೆ. ಅದರ ಒಂದು ಮಾಡೆಲ್ ಎಸ್ ಕಾರು 2018ರ ಹೊತ್ತಿಗೆ ನಾಲ್ಕು ಲಕ್ಷ ಮೈಲಿ, ಅಂದರೆ 6.4 ಲಕ್ಷ ಕಿಲೋಮೀಟರ್ ದಾಟಿತು. ಮೊದಲ ಬ್ಯಾಟರಿಯನ್ನು 1,94,000 ಮೈಲಿಗೆ ಬದಲಾಯಿಸಿದಾಗ ಅದರ ಸವೆತ ಸುಮಾರು ಶೇ 6. ಎರಡನೆಯದು ಅದಕ್ಕಿಂತ ಕಡಿಮೆ ಓಡಿ, ಶೇ 22 ಕಳೆದುಕೊಂಡಿತ್ತು. ಒಂದೇ ಕಾರು, ಒಂದೇ ದಾರಿ, ಒಂದೇ ರೀತಿಯ ಬಳಕೆ, ಫಲ ಮಾತ್ರ ಅಜಗಜಾಂತರ. ಯಾರೋ ಒಬ್ಬರ ಕಾರು ಇಷ್ಟು ಓಡಿತು ಎಂಬ ಕತೆಗಳನ್ನು ನಾನು ಕುತೂಹಲದಿಂದ ಓದುತ್ತೇನೆ, ಪುರಾವೆಯೆಂದು ಒಪ್ಪುವುದಿಲ್ಲ. ಜರ್ಮನಿಯ ಮಾಲೀಕರೊಬ್ಬರು 2019ರಲ್ಲಿ ತಮ್ಮ ಮಾಡೆಲ್ ಎಸ್‌ನಲ್ಲಿ ಹತ್ತು ಲಕ್ಷ ಕಿಲೋಮೀಟರ್ ಮುಗಿಸಿದಾಗ ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಆ ಕಾರಿನ ಬ್ಯಾಟರಿಯೂ ಬದಲಾಗಿತ್ತು, ಮೋಟಾರು ಒಂದಕ್ಕಿಂತ ಹೆಚ್ಚು ಸಲ ಬದಲಾಗಿತ್ತು ಎಂಬುದು ತಲೆಬರಹದಲ್ಲಿ ಬರಲಿಲ್ಲ. ಹೆಚ್ಚು ನಂಬಬೇಕಾದ್ದು ಸರಾಸರಿಗಳನ್ನು. ಎರಡು ಲಕ್ಷ ಮೈಲಿ ಓಡಿದ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳು ಸರಾಸರಿ ಶೇ 12ರಷ್ಟು ಸಾಮರ್ಥ್ಯ ಕಳೆದುಕೊಂಡಿವೆಯೆಂದು ಟೆಸ್ಲಾದ 2022ರ ವರದಿ ಹೇಳುತ್ತದೆ. ಕಂಪನಿಯೇ ಕೊಟ್ಟ ಅಂಕಿ, ಸ್ವಲ್ಪ ಎಚ್ಚರದಿಂದಲೇ ಓದೋಣ. ಆದರೂ ಹ್ಯಾಲಿಫ್ಯಾಕ್ಸಿನ ಲೆಕ್ಕಕ್ಕೆ ಅದು ದೂರವಿಲ್ಲ.

ಮೋಟಾರಿನ ಮಾತು ಬಂತಲ್ಲ. ಎಲೆಕ್ಟ್ರಿಕ್ ಮೋಟಾರಿನಲ್ಲಿ ಸವೆಯುವುದಕ್ಕೆ ಏನೂ ಇಲ್ಲ ಎಂಬುದು ಜನಪ್ರಿಯ ನಂಬಿಕೆ. ಬೇರಿಂಗ್ ಇದೆ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವ ಇನ್ವರ್ಟರು ಸೆಕೆಂಡಿಗೆ ಸಾವಿರಾರು ಬಾರಿ ಆನ್ ಆಫ್ ಆಗುತ್ತ ಮೋಟಾರಿನ ಶಾಫ್ಟಿನ ಮೇಲೆ ಸಣ್ಣ ವೋಲ್ಟೇಜು ಹುಟ್ಟಿಸುತ್ತದೆ. ಅದು ಬೇರಿಂಗಿನ ಎಣ್ಣೆಯ ಪದರವನ್ನು ಭೇದಿಸಿ ಕಿಡಿಯಾಗಿ ಹಾರುತ್ತದೆ. ಒಂದೊಂದು ಕಿಡಿಯೂ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ಗುಳಿ ತೋಡುತ್ತದೆ. ಗುಳಿಗಳು ಸೇರಿ ಗೆರೆಗಳಾದಾಗ ಚಾಲಕನಿಗೆ ಗುಯ್ ಎನ್ನುವ ಸದ್ದು ಕೇಳತೊಡಗುತ್ತದೆ. ಕಾರ್ಖಾನೆಗಳಲ್ಲಿ ದೊಡ್ಡ ಮೋಟಾರು ಓಡಿಸುವವರಿಗೆ ಇದು ದಶಕಗಳಿಂದ ಗೊತ್ತಿದ್ದ ಕಾಟ. ಕಾರಿನವರು ಮತ್ತೆ ಕಲಿಯಬೇಕಾಯಿತು. ವಿದ್ಯುತ್ತು ಹರಿಯದ ಸೆರಾಮಿಕ್ ಗುಂಡುಗಳ ಬೇರಿಂಗು, ಶಾಫ್ಟನ್ನು ಮೋಟಾರಿನ ಕವಚಕ್ಕೆ ಜೋಡಿಸುವ ಪುಟ್ಟ ಬ್ರಷ್ಷು ಇದಕ್ಕೆ ಔಷಧಿ. ಮೊದಮೊದಲ ಮಾಡೆಲ್ ಎಸ್‌ಗಳ ಮೋಟಾರಿನ ಸದ್ದಿನ ಬಗ್ಗೆ ದೂರುಗಳು ಹೆಚ್ಚಿದಾಗ, 2014ರ ಆಗಸ್ಟಿನಲ್ಲಿ ಟೆಸ್ಲಾ ಆ ಭಾಗದ ವಾರಂಟಿಯನ್ನು ಎಂಟು ವರ್ಷಕ್ಕೆ, ಕಿಲೋಮೀಟರಿನ ಮಿತಿಯಿಲ್ಲದೆ, ವಿಸ್ತರಿಸಿತು.

ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಕಾರುಗಳ ಲೆಕ್ಕವನ್ನು ಅತ್ಯಂತ ಶಿಸ್ತಾಗಿ ಇಡುವುದು ಜರ್ಮನಿಯ ಎಡಿಎಸಿ ಎಂಬ ವಾಹನ ಸಂಘ. ಎರಡರಿಂದ ನಾಲ್ಕು ವರ್ಷದ ಕಾರುಗಳಲ್ಲಿ ಕೈಕೊಟ್ಟದ್ದು ಸಾವಿರ ಎಲೆಕ್ಟ್ರಿಕ್ ಕಾರಿಗೆ 4.2 ಬಾರಿ, ಎಂಜಿನ್ ಕಾರಿಗೆ 10.4 ಬಾರಿ ಎಂದು ಅದು 2025ರಲ್ಲಿ ತಿಳಿಸಿತು. ಕಾರಣಗಳ ಪಟ್ಟಿಯಲ್ಲಿ ಎರಡೂ ಬಗೆಯ ಕಾರುಗಳಿಗೆ ಮೊದಲ ಸ್ಥಾನ ಒಂದೇ ವಸ್ತುವಿನದು: ದೀಪ, ಬಾಗಿಲಿನ ಬೀಗ, ಕಂಪ್ಯೂಟರುಗಳಿಗೆಂದು ಮುಂದೆ ಕೂರಿಸಿದ ಸಣ್ಣ 12 ವೋಲ್ಟಿನ ಬ್ಯಾಟರಿ. ಎಲೆಕ್ಟ್ರಿಕ್ ಕಾರಿನಲ್ಲಿ ಅದು ಸತ್ತರೆ ಕೆಳಗಿನ ದೊಡ್ಡ ಬ್ಯಾಟರಿಯ ಸ್ವಿಚ್ಚು ಆನ್ ಆಗುವುದೇ ಇಲ್ಲ. ನಾನೂರು ಕಿಲೋಮೀಟರ್ ಓಡುವಷ್ಟು ಚಾರ್ಜ್ ಇಟ್ಟುಕೊಂಡ ಕಾರು ಟೋಯಿಂಗ್ ಗಾಡಿಗೆ ಕಾಯುತ್ತ ನಿಂತಿರುತ್ತದೆ. ಆ ಸಣ್ಣ ಬ್ಯಾಟರಿಯನ್ನೂ ಲಿಥಿಯಂಗೆ ಬದಲಿಸುವ ಕೆಲಸವನ್ನು ಟೆಸ್ಲಾ ಶುರು ಮಾಡಿದ್ದು 2021ರಲ್ಲಿ. ಹಲವು ಕಂಪನಿಗಳ ಕಾರುಗಳಲ್ಲಿ ಇವತ್ತಿಗೂ ಇರುವುದು ಸೀಸದ್ದೇ.